ರೀಸೆಟ್ ಗುಂಡಿಗೆ ಜಾಗವೇ ಇರಲಿಲ್ಲ

ಜನವರಿ ಕೊನೆಯ ವಾರ. ಅರೇಬಿಕಾ ಕುಯ್ಲು ಮುಗಿದು ರೊಬಸ್ಟಾ ಕುಯ್ಲು ನಡೀತಿತ್ತು. ಚಿಕ್ಕಮಗಳೂರಲ್ಲಿ ಆ ಹೊತ್ತಿಗೆ ಯಾರಿಗೂ ಪುರುಸೊತ್ತಿರಲ್ಲ, ಕಂಪ್ಯೂಟರ್ ರಿಪೇರಿ ಮಾಡೋನಿಗೂ. ತೋಟದ ಆಫೀಸುಗಳಲ್ಲಿ ವರ್ಷವಿಡೀ ಮಲಗಿದ್ದ ಪ್ರಿಂಟರುಗಳೆಲ್ಲ ಕೆಡುವುದಕ್ಕೆ ಅದೇ ಕಾಲ ಕಾದಿರುತ್ತವೆ. ಊರಾಚೆಯ ಒಂದು ಕ್ಯೂರಿಂಗ್ ವರ್ಕ್ಸಿನಿಂದ, ಅಂದರೆ ಕಾಫಿ ಹಸನು ಮಾಡುವ ಕಾರ್ಖಾನೆಯಿಂದ, ಫೋನ್ ಬಂತು. ಹದಿನಾಲ್ಕು ಕ್ಯಾಮೆರಾ, ಲಾಟುಗಳ ಲೆಕ್ಕ, ತೂಕದ ಚೀಟಿ ಎಲ್ಲ ಒಂದು ಹಳೆ ಡೆಸ್ಕ್‌ಟಾಪಿನ ಮೇಲೆ ಕೂತಿದೆ, ಅದು ದಿನಕ್ಕೆ ಎರಡು ಸಲ ಸಾಯುತ್ತಿದೆ, ಏನಾದರೂ ಮಾಡಿ ಅಂತ.

ಹೊಸ ಸರ್ವರಿನ ಬೆಲೆ ಹೇಳಿದೆ. ಸಾಹುಕಾರರು ಸುಮ್ಮನಾದರು. ಆಮೇಲೆ, "ಕಾಫಿಗೆ ರೇಟು ಬಂದಿದೆ ನಿಜ, ಹಾಗಂತ..." ಅಂದು ಅರ್ಧಕ್ಕೇ ನಿಲ್ಲಿಸಿದರು. ಸೆಕೆಂಡ್‌ಹ್ಯಾಂಡ್ ಅಂತ ತೀರ್ಮಾನವಾಯಿತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ಅಲೆದು ಎರಡು ಬೇರೆ ಬೇರೆ ಅಂಗಡಿಯಿಂದ ಎರಡು ಸಾಮಾನು ತಂದೆ. ಒಂದು ಸೂಪರ್‌ಮೈಕ್ರೋ ಕಂಪನಿಯ ಹಳೆ ಸರ್ವರ್ ಬೋರ್ಡು. ಇನ್ನೊಂದು ಬೇರೆ ಯಾವುದೋ ಕಂಪನಿಯ 2ಯು ಕ್ಯಾಬಿನೆಟ್ಟು, ಮುಂದುಗಡೆ ಎಂಟು ಡಿಸ್ಕ್ ಹಾಕುವ ಗೂಡುಗಳಿರೋದು. ರ‍್ಯಾಕಿನ ಲೆಕ್ಕದಲ್ಲಿ 1ಯು ಅಂದರೆ 44.45 ಮಿಲಿಮೀಟರ್ ಎತ್ತರ, 2ಯು ಅದರ ಎರಡರಷ್ಟು. ಅಗಲ 19 ಇಂಚು. ಈ ಅಳತೆ ಎಲ್ಲ ಕಂಪನಿಗೂ ಒಂದೇ. ಬೋರ್ಡ್ ಕೂರಿಸುವ ಸ್ಕ್ರೂ ಜಾಗಗಳೂ ಸರಿಹೋದವು. ಪವರ್ ಸಪ್ಲೈನ 24 ಪಿನ್ನಿನ ಪ್ಲಗ್ಗು, ಪ್ರೊಸೆಸರಿನ 8 ಪಿನ್ನಿನ ಪ್ಲಗ್ಗು ಎರಡೂ ಎಡವದೆ ಕೂತವು. ಎಲ್ಲ ಒಂದೇ ಇರುತ್ತೆ ಅಂದುಕೊಂಡು ಮುಂದಿನ ಪ್ಯಾನೆಲಿನ ಕೇಬಲ್ ಎತ್ತಿಕೊಂಡೆ. ಅಲ್ಲಿಗೆ ಒಂದೇ ಇರೋದು ಮುಗಿದಿತ್ತು.

ಡೆಸ್ಕ್‌ಟಾಪ್ ಜೋಡಿಸೋರಿಗೆಲ್ಲ ಮುಂದಿನ ಪ್ಯಾನೆಲಿನ ಹೆಡರು, ಅಂದರೆ ಬಟನ್ನು ದೀಪಗಳ ವಯರು ಸಿಕ್ಕಿಸಲು ಬೋರ್ಡಿನ ಮೇಲಿರುವ ಪಿನ್ನುಗಳ ಗುಂಪು, ಬಾಯಿಪಾಠ. ಎರಡು ಸಾಲು, ಸಾಲಿಗೆ ಐದು ಜಾಗ, ಹತ್ತನೆಯದು ಬೋಳು. 1 ಮತ್ತು 3 ಡಿಸ್ಕಿನ ದೀಪ, 2 ಮತ್ತು 4 ಪವರ್ ದೀಪ, 5 ಮತ್ತು 7 ರೀಸೆಟ್, 6 ಮತ್ತು 8 ಪವರ್ ಬಟನ್. ಅಂದರೆ ಜೋಡಿಗಳು ಸಾಲಿನ ಉದ್ದಕ್ಕೆ ಓಡುತ್ತವೆ. ನನ್ನ ಕೈಗೆ ಹದಿನೈದು ವರ್ಷದಿಂದ ಅದೇ ಅಭ್ಯಾಸ. ಈ ಸರ್ವರ್ ಬೋರ್ಡಿನ ಹೆಡರಿನ ಹೆಸರು ಜೆಎಫ್1. ಅದು ಇಪ್ಪತ್ತು ಪಿನ್ನಿನ ಲೆಕ್ಕ, ಜೋಡಿಗಳು ಸಾಲಿನುದ್ದಕ್ಕಲ್ಲ, ಅಡ್ಡಡ್ಡ. 1-2 ಪವರ್ ಬಟನ್, 3-4 ರೀಸೆಟ್, 5-6 ಪವರ್ ಫೇಲ್ ದೀಪ, 7-8 ಬಿಸಿ ಹೆಚ್ಚಾದರೆ ಅಥವಾ ಫ್ಯಾನ್ ಕೆಟ್ಟರೆ ಉರಿಯುವ ದೀಪ, 9-10 ಎರಡನೇ ನೆಟ್‌ವರ್ಕ್ ಪೋರ್ಟಿನದು, 11-12 ಮೊದಲನೆಯದರದು, 13-14 ಡಿಸ್ಕು, 15-16 ಪವರ್ ದೀಪ. 17-18 ಜಾಗದಲ್ಲಿ ಪಿನ್ನೇ ಇಲ್ಲ. ತುದಿಯಲ್ಲಿ 19-20 ಎನ್‌ಎಂಐ ಅನ್ನೋ ಬಟನ್ನಿಗೆ. ಆ ಬಟನ್ನು ಮಾಮೂಲಿ ಮನುಷ್ಯರಿಗಲ್ಲ. ಮಷೀನು ಸ್ತಬ್ಧವಾದಾಗ ಒಳಗೆ ಏನಾಯಿತು ಅಂತ ನೋಡಲು ಆಪರೇಟಿಂಗ್ ಸಿಸ್ಟಮ್ಮಿಗೆ ಕೊಡುವ ಒಂದು ತಿವಿತ ಅದು.

ಕ್ಯಾಬಿನೆಟ್ಟಿನಿಂದ ಬಂದದ್ದು ಹದಿನಾರು ತೂತಿನ ಚಪ್ಪಟೆ ರಿಬ್ಬನ್ ಕೇಬಲ್ಲು. ಒಂದು ಅಂಚಿಗೆ ಕೆಂಪು ಗೆರೆ, ಅದು ಒಂದನೇ ಪಿನ್ನಿನ ಕಡೆ. ಇಷ್ಟು ಬಿಟ್ಟರೆ ಯಾವ ತೂತು ಯಾವುದಕ್ಕೆ ಅಂತ ಎಲ್ಲೂ ಬರೆದಿಲ್ಲ, ಕಾಗದಪತ್ರ ಇಲ್ಲ. ಕಂಡ ಹಾಗೆ ಚುಚ್ಚಿ ನೋಡುವ ಧೈರ್ಯ ಬರಲಿಲ್ಲ.

ಅವತ್ತು ರಾತ್ರಿ ಅಂಗಡಿ ಬಾಗಿಲು ಎಳೆದುಕೊಂಡು ಮಲ್ಟಿಮೀಟರ್ ತೆಗೆದೆ. ಈ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಭಾಗ ಇದೊಂದೇ. ಮೊದಲು ಮೀಟರನ್ನು ಬೀಪ್ ಮಾಡುವ ಜಾಗಕ್ಕಿಟ್ಟೆ. ನಮ್ಮ ಅಂಗಡಿ ಹುಡುಗ ಪ್ಯಾನೆಲಿನ ಪವರ್ ಬಟನ್ ಒತ್ತಿ ಹಿಡಿಯೋದು, ನಾನು ಎರಡು ಕಡ್ಡಿಗಳನ್ನು ಒಂದೊಂದೇ ತೂತಿಗೆ ಇಳಿಸುತ್ತಾ ಹೋಗೋದು. ಐದಾರು ನಿಮಿಷ ಏನೂ ಇಲ್ಲ, ಆಮೇಲೆ ಒಂದು ಜೋಡಿಯಲ್ಲಿ ಕೀ ಅಂತು. "ಬಿಡು" ಅಂದೆ, ನಿಂತಿತು. "ಒತ್ತು" ಅಂದೆ, ಕೀ. ಅಲ್ಲಿಗೆ ಪವರ್ ಬಟನ್ ಸಿಕ್ಕಿತು. ರೀಸೆಟ್ ಗುಂಡಿ ಸೂಜಿ ಹೋಗುವಷ್ಟು ತೂತಿನೊಳಗೆ ಕೂತಿತ್ತು, ಅದಕ್ಕೆ ಹುಡುಗ ಸಿಮ್ ತೆಗೆಯುವ ಪಿನ್ ಹಿಡಿದು ಕೂತ. ಬಟನ್ನುಗಳಿಗೆ ಎಡಬಲ ಇಲ್ಲ, ಎರಡು ತಂತಿ ಮುಟ್ಟಿದರೆ ಸಾಕು.

ದೀಪಗಳು ಹಾಗಲ್ಲ. ಎಲ್‌ಇಡಿ ಒಂದು ದಿಕ್ಕಿಗೆ ಮಾತ್ರ ಕರೆಂಟು ಬಿಡುತ್ತೆ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಕೆಂಪು ಕಡ್ಡಿ ಒಂದರಲ್ಲಿ, ಕಪ್ಪು ಕಡ್ಡಿ ಇನ್ನೊಂದರಲ್ಲಿ ಇಟ್ಟರೆ, ದಿಕ್ಕು ಸರಿ ಇದ್ದಾಗ ಪ್ಯಾನೆಲಿನ ಮೇಲೆ ಮಿಂಚುಹುಳದಷ್ಟು ಬೆಳಕು ಬರುತ್ತೆ. ಅಂಗಡಿಯ ಟ್ಯೂಬ್‌ಲೈಟ್ ಆರಿಸಿದೆವು. ಕತ್ತಲಲ್ಲಿ ಒಂದು ಹಸಿರು, ಇನ್ನೊಂದು ಹಸಿರು, ಆಮೇಲೆ ಕೆಂಪು. ನೀಲಿಯದೊಂದು ಮೀಟರಿಗೆ ಕಷ್ಟಪಟ್ಟು ಹತ್ತಿತು. ನೀಲಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ ಎರಡಕ್ಕಿಂತ ಕಡಿಮೆ ಸಾಕು. ಅನುಮಾನ ಬಂದ ಕಡೆ ಹಳೆ ಬೋರ್ಡಿನಿಂದ ಕಿತ್ತ ಬಿಲ್ಲೆ ಸೆಲ್ಲು, ಅದೇ ಸಿಆರ್2032, ಅದರ ಎರಡು ಮುಖಕ್ಕೆ ಎರಡು ತಂತಿ ಹಿಡಿದು ಹತ್ತಿಸಿದೆ. ಹುಡುಗ ಒಂದು ರಟ್ಟಿನ ಮೇಲೆ ನಕ್ಷೆ ಬರೆದ. ಪವರ್ ದೀಪ, ಡಿಸ್ಕ್ ದೀಪ, ನೆಟ್‌ವರ್ಕಿನ ಎರಡು, ಅಪಾಯದ ಕೆಂಪು ಒಂದು. ಹದಿನಾಲ್ಕು ತೂತಿಗೆ ಕೆಲಸ ಸಿಕ್ಕಿತು, ಎರಡು ಖಾಲಿ.

ರಿಬ್ಬನ್ನಿನ ತಲೆ ಕತ್ತರಿಸಲಿಲ್ಲ. ಆರ್ಡುಇನೋ ಆಟಕ್ಕೆ ಮಕ್ಕಳು ಕೊಳ್ಳುವ ಜಂಪರ್ ವಯರು ಇರುತ್ತಲ್ಲ, ಒಂದು ಕಡೆ ಮೊನೆ, ಇನ್ನೊಂದು ಕಡೆ ತೂತು. ಮೊನೆಯನ್ನು ರಿಬ್ಬನ್ನಿಗೆ, ತೂತಿನ ಕಡೆಯನ್ನು ಬೋರ್ಡಿನ ಪಿನ್ನಿಗೆ. ಪಿನ್ನಿಂದ ಪಿನ್ನಿಗೆ 2.54 ಮಿಲಿಮೀಟರ್, ಎರಡೂ ಕಡೆ ಅದೇ ಅಳತೆ. ಜೋಡಿ ಜೋಡಿಯಾಗಿ ಟೇಪ್ ಸುತ್ತಿ ಚೀಟಿ ಅಂಟಿಸಿದೆ.

ಇಷ್ಟು ಜೋಪಾನ ಮಾಡಿದವನು ಬೋರ್ಡಿನ ಕಡೆ ಬಂದಾಗ ಎಡವಿದೆ. ಮ್ಯಾನ್ಯುಯಲಿನ ಚಿತ್ರದಲ್ಲಿ 20 ಮೇಲೆ, 1 ಕೆಳಗೆ. ಮೇಜಿನ ಮೇಲೆ ಕ್ಯಾಬಿನೆಟ್ಟಿನ ಮುಖ ಆಚೆ ಕಡೆಗಿತ್ತು, ನಾನು ನಿಂತಿದ್ದು ಅದರ ಹಿಂಬದಿಯಲ್ಲಿ. ಚಿತ್ರದ ಕೆಳಗಿನ ತುದಿ ನನ್ನ ಹೊಟ್ಟೆಯ ಕಡೆ ಇದೆ ಅಂದುಕೊಂಡು ಅಲ್ಲಿಂದ ಎಣಿಸಿದೆ. ಒಂದನೇ ಪಿನ್ನಿನ ಪಕ್ಕ ಬೋರ್ಡಿನ ಮೇಲೆ ಅಚ್ಚಾದ ಸಣ್ಣ ಗುರುತು ನೋಡಬೇಕಿತ್ತು. ನೋಡಲಿಲ್ಲ, ಅದರ ಮೇಲೆ ಫ್ಯಾನಿನ ವಯರು ಬಿದ್ದಿತ್ತು.

ಪವರ್ ಬಟನ್ನಿನ ಜೋಡಿ ಹಾಕಿದೆ. ರೀಸೆಟ್ ಜೋಡಿ ಹಾಕಲು ಹೋದರೆ ಅಲ್ಲಿ ಪಿನ್ನೇ ಇಲ್ಲ.

ಈಗ ಬರೆಯುವಾಗ ನಗು ಬರುತ್ತೆ. ಬೋರ್ಡು ನನಗೆ ನೇರವಾಗಿ ಹೇಳುತ್ತಿತ್ತು, ತಮ್ಮಾ ನೀನು ಉಲ್ಟಾ ಎಣಿಸ್ತಿದೀಯ ಅಂತ. ನಾನು ಅಂದುಕೊಂಡದ್ದೇನು? "ಈ ಮಾಡೆಲಲ್ಲಿ ರೀಸೆಟ್ ಕೊಟ್ಟಿಲ್ಲ ಕಣೋ. ಸರ್ವರಿಗೆ ಯಾಕೆ ರೀಸೆಟ್ಟು, ಯಾರಾದರೂ ಅಪ್ಪಿತಪ್ಪಿ ಒತ್ತಿಬಿಟ್ರೆ?" ಹುಡುಗನಿಗೆ ಹೀಗೆ ಪಾಠವನ್ನೂ ಹೇಳಿ ಆ ಜೋಡಿಯನ್ನು ಟೇಪ್ ಸುತ್ತಿ ಪಕ್ಕಕ್ಕೆ ಮಡಚಿಟ್ಟೆ. ಅವನು ಮ್ಯಾನ್ಯುಯಲ್ ಕಡೆ ನೋಡಿದ, ನನ್ನ ಕಡೆ ನೋಡಿದ, ಸುಮ್ಮನಾದ. ಮಾತಾಡಿದ್ದರೆ ಚೆನ್ನಾಗಿತ್ತು.

ಕರೆಂಟು ಕೊಟ್ಟಾಗ ಬೋರ್ಡಿನ ಮೇಲಿನ ಸ್ಟ್ಯಾಂಡ್‌ಬೈ ದೀಪ ಹತ್ತಿತು. ಮುಂದಿನ ಬಟನ್ ಒತ್ತಿದರೆ ಉಸಿರಿಲ್ಲ. ಈ ಬೋರ್ಡಿನಲ್ಲಿ ಐಪಿಎಂಐ ಇತ್ತು, ಅಂದರೆ ಮಷೀನು ಆಫ್ ಆಗಿದ್ದರೂ ನೆಟ್‌ವರ್ಕ್ ಕೇಬಲಿನಿಂದ ಬ್ರೌಸರ್‌ನಲ್ಲಿ ಮಾತಾಡಿಸುವ ಸಣ್ಣ ಕಂಪ್ಯೂಟರೊಂದು ಬೋರ್ಡಿನ ಮೇಲೇ ಇರುತ್ತೆ. ಅದರ ಪುಟ ತೆರೆದು ಪವರ್ ಆನ್ ಒತ್ತಿದೆ, ಫ್ಯಾನುಗಳು ಕೂಗಿಕೊಂಡು ಎದ್ದವು. ಬಟನ್ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟೆ. ದೀಪಗಳಲ್ಲಿ ಒಂದೂ ಹತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಅಜ್ಜಿ ಔಷಧ ಇದೆ. ಎಲ್‌ಇಡಿ ಹತ್ತದಿದ್ದರೆ ಕನೆಕ್ಟರ್ ತಿರುಗಿಸಿ ಹಾಕು. ತಿರುಗಿಸಿದೆ. ಕೆಂಪು ದೀಪ ಬೂಟ್ ಆಗುವಾಗ ಒಂದೆರಡು ಸಲ ಮಿನುಗಿ ಆರಿತು, ನೆಟ್‌ವರ್ಕಿನ ಒಂದು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಡಿಸ್ಕಿನ ದೀಪವೂ ಮಿಟುಕಲು ಶುರುವಾಯಿತು. ಪವರ್ ದೀಪ ಮಾತ್ರ ಹೇಗೆ ಹಾಕಿದರೂ ಇಲ್ಲ. ಸೆಕೆಂಡ್‌ಹ್ಯಾಂಡ್ ಸಾಮಾನು, ಒಂದು ದೀಪ ಸತ್ತಿರಬಹುದು ಬಿಡು. ಅದೇ ದೀಪ ಹಿಂದಿನ ರಾತ್ರಿ ಬಿಲ್ಲೆ ಸೆಲ್ಲಿಗೆ ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ತಲೆ ಆಗ ಡಿಸ್ಕುಗಳ ಕಡೆ ಇತ್ತು, ಅಲ್ಲಿ ನಿಜವಾಗಿ ಯೋಚನೆ ಬೇಕಿತ್ತು. ಗೂಡುಗಳ ಹಿಂದೆ ಡಿಸ್ಕುಗಳು ಬಂದು ಕಚ್ಚಿಕೊಳ್ಳುವ ಬ್ಯಾಕ್‌ಪ್ಲೇನಿನಲ್ಲಿ ಎಸ್‌ಎಫ್‌ಎಫ್-8087 ಎಂಬ ದಪ್ಪ ಸಾಕೆಟ್ಟು, ಒಂದೊಂದಕ್ಕೂ ನಾಲ್ಕು ಡಿಸ್ಕು. ಬೋರ್ಡಿನಲ್ಲಿರೋದು ಬಿಡಿ ಸಾಟಾ ಪೋರ್ಟುಗಳು. ಮಧ್ಯೆ ಹಾಕುವ ಕೇಬಲು ನೋಡಲು ಒಂದೇ ತರ ಇದ್ದರೂ ಎರಡು ಜಾತಿ. ಡಿಸ್ಕು ನಿಯಂತ್ರಿಸುವ ಕಾರ್ಡಿನಿಂದ ಬಿಡಿ ಡಿಸ್ಕಿಗೆ ಹೋಗೋದು ಫಾರ್ವರ್ಡ್, ಬೋರ್ಡಿನ ಬಿಡಿ ಪೋರ್ಟಿನಿಂದ ಬ್ಯಾಕ್‌ಪ್ಲೇನಿಗೆ ಹೋಗೋದು ರಿವರ್ಸ್. ತಪ್ಪು ಜಾತಿ ಹಾಕಿದರೆ ಹೊಗೆ ಬರಲ್ಲ, ಸದ್ದೂ ಬರಲ್ಲ, ಡಿಸ್ಕು ಕಾಣಿಸಲ್ಲ ಅಷ್ಟೇ. ಇದು ನನಗೆ ಮುಂಚೆ ಒಮ್ಮೆ ಪೆಟ್ಟು ಬಿದ್ದು ಗೊತ್ತಿದ್ದ ವಿಷಯ, ಹಾಗಾಗಿ ರಿವರ್ಸೇ ತಂದಿದ್ದೆ. ಆ ಕೇಬಲಿನಿಂದ ಒಂದು ಸಣ್ಣ ಬಾಲ ಹೊರಗೆ ಬಂದಿರುತ್ತೆ, ಅದು ಎಸ್‌ಜಿಪಿಐಒ. ಬೋರ್ಡಿನಲ್ಲಿ ಅದಕ್ಕೆ ಬೇರೆ ಹೆಡರು. ಎಷ್ಟೋ ಜನ ಆ ಬಾಲವನ್ನು ಸುತ್ತಿ ಕಟ್ಟಿಡುತ್ತಾರೆ, ಡೇಟಾ ಓಡಲು ಅದು ಬೇಡ ಅಂತ. ಓಡಲು ಬೇಡ ನಿಜ. ಕೆಟ್ಟ ಡಿಸ್ಕ್ ಯಾವುದು ಅಂತ ಗೂಡಿನ ಮೇಲೆ ದೀಪ ತೋರಿಸೋದು ಆ ಬಾಲ.

ಅದನ್ನೂ ಹಾಕಿ, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಲೆಡ್‌ಸಿಟಿಎಲ್ ಅನ್ನುವ ಕಮ್ಯಾಂಡಿನಿಂದ ಒಂದೊಂದು ಡಿಸ್ಕನ್ನೂ ಕರೆದೆ. ಮೊದಲನೆಯದನ್ನು ಕರೆದರೆ ನಾಲ್ಕನೇ ಗೂಡು ಮಿನುಗಿತು. ಕೇಬಲಿನ ತುದಿಗಳ ಮೇಲೆ ಪಿ0ರಿಂದ ಪಿ3 ಅಂತ ಬರೆದಿದ್ದರೂ ನಾನು ಬಂದಂತೆ ಚುಚ್ಚಿದ್ದೆ. ರೇಡ್‌ನಲ್ಲಿ (ಹಲವು ಡಿಸ್ಕು ಸೇರಿ ಒಂದರ ಹಾಗೆ ಕೆಲಸ ಮಾಡುವ ಏರ್ಪಾಡು) ಒಂದು ಡಿಸ್ಕು ಸತ್ತಾಗ ದೀಪ ನಂಬಿ ಬದುಕಿರೋದನ್ನು ಕಿತ್ತರೆ ಕಥೆ ಮುಗೀತು. ಬಿಚ್ಚಿ ಸಾಲಾಗಿ ಹಾಕಿ, ನಾಲ್ಕೂ ಸಲ ಕರೆದು ನೋಡಿ, ಗೂಡಿನ ಬಾಗಿಲಿಗೆ ನಂಬರ್ ಅಂಟಿಸಿದೆ.

ಮುಂದಿನ ಯುಎಸ್‌ಬಿಯದ್ದು ಎರಡು ನಿಮಿಷದ ಕೆಲಸ. ಒಂದೇ ಎಚ್ಚರ: ಸರ್ವರ್ ಬೋರ್ಡಿನಲ್ಲಿ ಸೀರಿಯಲ್ ಪೋರ್ಟಿನ ಹೆಡರೂ ಅದೇ ಆಕಾರದಲ್ಲಿ ಪಕ್ಕದಲ್ಲೇ ಕೂತಿರಬಹುದು. ಯುಎಸ್‌ಬಿಯಲ್ಲಿ ಒಂಬತ್ತನೆಯದು ಬೋಳು, ಸೀರಿಯಲ್ಲಿನಲ್ಲಿ ಹತ್ತನೆಯದು.

ಫ್ಯಾನಿನ ವಿಷಯದಲ್ಲಿ ಇನ್ನೊಂದು ಜಾಣತನ ಮಾಡಿದ್ದೆ. ಕ್ಯಾಬಿನೆಟ್ಟಿನ ಮೂಲ ಫ್ಯಾನುಗಳು ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಮಷೀನಿನ ಹಾಗೆ ಕೂಗುತ್ತಿದ್ದವು. ರ‍್ಯಾಕ್ ಇಡೋದು ಲೆಕ್ಕ ಬರೆಯುವ ರೈಟರ್ ಮೇಜಿನ ಪಕ್ಕದಲ್ಲೇ, ಪಾಪ ಅಂತ ನಿಧಾನಕ್ಕೆ ತಿರುಗುವ ಫ್ಯಾನು ಹಾಕಿದೆ.

ಕ್ಯೂರಿಂಗ್ ವರ್ಕ್ಸಿನಲ್ಲಿ ಸರ್ವರ್ ಕೂರಿಸಿದ ಮೂರನೇ ದಿನ ರೈಟ್ರು ಫೋನ್ ಮಾಡಿದರು.

"ಸಾರ್, ಇದರ ಕೆಂಪು ದೀಪ ಇಡೀ ದಿನ ಮಿಣಮಿಣ ಅಂತಿದೆ."

"ಕರೆಂಟು ಏರಿಳಿತ ಆಗಿರಬೇಕು ರೈಟ್ರೇ. ಕೆಲಸ ಮಾಡ್ತಿದೆ ತಾನೆ?"

"ಕೆಲಸ ಮಾಡ್ತಿದೆ. ಆದ್ರೆ ನಾನು ಹಳೇ ವಿಡಿಯೋ ತೆಗೆದು ನೋಡಿದ್ರೆ ಕೆಂಪು ಜೋರಾಗ್ತದೆ. ನಿಲ್ಸಿದ್ರೆ ಕಮ್ಮಿ ಆಗ್ತದೆ. ಇನ್ನೊಂದು ಹಸಿರು ಇದೆಯಲ್ಲ, ನೀವು ಡಿಸ್ಕಿಂದು ಅಂದಿದ್ದು, ಅದು ನಾನು ಏನ್ ಮಾಡಿದ್ರೂ ಗಡಿಯಾರದ ತರ ಒಂದೇ ಸಮ ಟಕ್ ಟಕ್ ಅಂತಿರ್ತದೆ. ಮತ್ತೆ ಗಾಳಿ ಒಂದ್ಸಲ ಜೋರು, ಒಂದ್ಸಲ ನಿಧಾನ. ರಾತ್ರಿ ವಾಚ್‌ಮನ್ನು ಹೆದರ್ಕೊಂಡು ಒಳಗೇ ಬರ್ತಿಲ್ಲ."

ದಿನವಿಡೀ ಚೀಲ ಎಣಿಸೋ ಮನುಷ್ಯ, ದೀಪವನ್ನೂ ಎಣಿಸಿದ್ದರು. ಅವರ ಮಾತು ಕೇಳುತ್ತಾ ಕೇಳುತ್ತಾ ನನಗೆ ಹೊಟ್ಟೆಯಲ್ಲಿ ಏನೋ ಇಳಿದ ಹಾಗಾಯಿತು. ಡಿಸ್ಕು ಓದಿದಾಗ ಮಿನುಗೋದು ಕೆಂಪು. ಡಿಸ್ಕಿನ ದೀಪ ಅನ್ನಿಸಿಕೊಂಡದ್ದು ಡಿಸ್ಕನ್ನು ಕೇಳುತ್ತಲೇ ಇಲ್ಲ.

ಮಧ್ಯಾಹ್ನ ಬೈಕ್ ಹತ್ತಿ ಹೋದೆ. ಅಂಗಳದಲ್ಲಿ ಲಾರಿಯಿಂದ ಚೆರಿ ಚೀಲ ಇಳೀತಿತ್ತು, ಆಫೀಸಿನ ಕಿಟಕಿ ಸರಳಿನ ಮೇಲೂ ಹೊಟ್ಟಿನ ಧೂಳು. ಮಾನಿಟರ್ ಹಚ್ಚಿ, ಬಿಚ್ಚುವ ಮೊದಲು ಆಫ್ ಮಾಡೋಣ ಅಂತ ಅಭ್ಯಾಸಬಲದಿಂದ ಮುಂದಿನ ಪವರ್ ಬಟನ್ನೇ ಒತ್ತಿದೆ. ಮಷೀನು ಆಫ್ ಆಗಲಿಲ್ಲ. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂತು. ಲಿನಕ್ಸ್ ಬರೆದವರ ತಮಾಷೆ ಅದು, ಹಳೆಯದು. ಕನ್ನಡದಲ್ಲಿ ಹೇಳಿದರೆ: ಅಯ್ಯಯ್ಯೋ, ಗೊತ್ತಿಲ್ಲದ ಕಾರಣಕ್ಕೆ ಎನ್‌ಎಂಐ ಬಂದಿದೆ. ತಲೆ ಗಿರ‍್ರಂತಿದೆ, ಏನೂ ತಿಳೀತಿಲ್ಲ, ಆದರೂ ಮುಂದುವರಿಯಲು ನೋಡ್ತೀನಿ.

ಎನ್‌ಎಂಐ. 19-20. ಇಪ್ಪತ್ತರ ಕಡೆಯಿಂದ ಎಣಿಸಿದ್ದೇನೆ.

ಅಲ್ಲೇ ಸ್ಟೂಲಿನ ಮೇಲೆ ಕೂತು ತೂಕದ ಚೀಟಿಯ ಹಿಂದೆ ಬರೆದು ನೋಡಿದೆ. ನನ್ನ 1-2 ನಿಜವಾದ 20-19. ನನ್ನ 3-4 ನಿಜವಾದ 18-17, ಪಿನ್ನೇ ಇಲ್ಲದ ಜಾಗ, ಅದಕ್ಕೇ ರೀಸೆಟ್ಟಿಗೆ ಮನೆ ಸಿಗಲಿಲ್ಲ. ಅಪಾಯದ ಕೆಂಪು ದೀಪ 7-8ರ ಬದಲು 14-13ಕ್ಕೆ ಹೋಗಿ ಡಿಸ್ಕಿನ ಜೊತೆ ಕುಣೀತಿದೆ. ಡಿಸ್ಕಿನ ಹಸಿರು ಅಪಾಯದ ಜಾಗದಲ್ಲಿ ಕೂತಿದೆ. ಪವರ್ ದೀಪ ಪವರ್ ಫೇಲ್ ಜಾಗದಲ್ಲಿದೆ, ಪವರ್ ಫೇಲಾಗುವವರೆಗೂ ಅದು ಹತ್ತಲ್ಲ. ನೆಟ್‌ವರ್ಕಿನ ಎರಡು ದೀಪ ಪರಸ್ಪರ ಅದಲುಬದಲು. ತಲೆಕೆಳಗಾದ್ದರಿಂದ ಪ್ಲಸ್ ಮೈನಸ್ಸೂ ಉಲ್ಟಾ ಆಗಿ ಮೊದಲಿಗೆ ಯಾವುದೂ ಹತ್ತಿರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆವತ್ತೇ ತಪ್ಪು ಸಿಕ್ಕಿರೋದು. ನಾನು ಅಜ್ಜಿ ಔಷಧ ಹಾಕಿ ಒಂದೊಂದನ್ನೇ ತಿರುಗಿಸಿ, ತಪ್ಪು ಜಾಗದಲ್ಲೇ ದೀಪ ಉರಿಯುವ ಹಾಗೆ ಮಾಡಿದ್ದೆ.

ಸರಿಪಡಿಸಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಎರಡೂ ಪವರ್ ಕಾರ್ಡ್ ಕಿತ್ತು, ಸ್ಟ್ಯಾಂಡ್‌ಬೈ ದೀಪ ಆರುವವರೆಗೆ ಕಾದು, ಫ್ಯಾನಿನ ವಯರು ಪಕ್ಕಕ್ಕೆ ಸರಿಸಿ, ಮೊಬೈಲ್ ಟಾರ್ಚಿನಲ್ಲಿ ಒಂದನೇ ಪಿನ್ನಿನ ಗುರುತು ಹುಡುಕಿದೆ. ಆಚೆ ತುದಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಚಿಮಟದಲ್ಲಿ ಒಂದೊಂದೇ ಜೋಡಿ ಕಿತ್ತು ಎದುರು ತುದಿಯಿಂದ ಕೂರಿಸಿದೆ. ಮಡಚಿಟ್ಟಿದ್ದ ರೀಸೆಟ್ ಜೋಡಿಯ ಟೇಪ್ ಬಿಚ್ಚಿದಾಗ ರೈಟ್ರು "ಇದು ಉಳಿದಿತ್ತಾ?" ಅಂದರು. ಹೂಂ ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಮನಸ್ಸಾಗಲಿಲ್ಲ.

ಈ ಸಲ ಬಟನ್ ಒತ್ತಿದರೆ ಎದ್ದಿತು. ಪವರ್ ದೀಪ ನೀಲಿಯಾಗಿ ನಿಂತಿತು, ಡಿಸ್ಕಿನ ಹಸಿರು ಮನಸ್ಸಿಗೆ ಬಂದಂತೆ ಮಿನುಗಿತು. ಎರಡು ನಿಮಿಷ ಕಳೆದ ಮೇಲೆ ಕೆಂಪು ಶುರು ಮಾಡಿತು, ಟಕ್ ಟಕ್, ಒಂದೇ ಸಮ.

ಈಗ ಅದು ನಿಜವನ್ನೇ ಹೇಳುತ್ತಿತ್ತು. ಈ ಬೋರ್ಡಿನಲ್ಲಿ ಆ ದೀಪ ಬಿಡದೆ ಉರಿದರೆ ಬಿಸಿ ಜಾಸ್ತಿ, ಮಿಟುಕಿದರೆ ಫ್ಯಾನ್ ಕೆಟ್ಟಿದೆ ಅಂತ. ಫ್ಯಾನು ಕೆಟ್ಟಿರಲಿಲ್ಲ. ನಾಲ್ಕು ಪಿನ್ನಿನ ಫ್ಯಾನಿನಲ್ಲಿ ಒಂದು ಗ್ರೌಂಡು, ಒಂದು 12 ವೋಲ್ಟು, ಮೂರನೆಯದು ಎಷ್ಟು ಸುತ್ತು ತಿರುಗುತ್ತಿದೆ ಅಂತ ಬೋರ್ಡಿಗೆ ವರದಿ ಮಾಡೋದು, ನಾಲ್ಕನೆಯದರಲ್ಲಿ ಬೋರ್ಡು ವೇಗ ಹೇಳೋದು. ನನ್ನ ನಿಧಾನದ ಫ್ಯಾನಿನ ವರದಿ ಬೋರ್ಡಿನ ಕನಿಷ್ಠ ಮಿತಿಗಿಂತ ಕೆಳಗಿತ್ತು. ಫ್ಯಾನು ಸಾಯ್ತಿದೆ ಅಂತ ಬೋರ್ಡು ಗಾಬರಿಯಾಗಿ ಎಲ್ಲವನ್ನೂ ಪೂರ್ತಿ ವೇಗಕ್ಕೆ ಏರಿಸುತ್ತೆ. ಏರಿದ ಕೂಡಲೇ ವರದಿ ಮಿತಿ ದಾಟುತ್ತೆ, ಸದ್ಯ ಬದುಕಿದೆ ಅಂತ ಇಳಿಸುತ್ತೆ, ಮತ್ತೆ ಗಾಬರಿ. ವಾಚ್‌ಮನ್ ಹೆದರಿದ್ದು ಈ ಉಸಿರಾಟಕ್ಕೆ.

ಐಪಿಎಂಐಟೂಲ್‌ನಲ್ಲಿ ಪ್ರತಿ ಫ್ಯಾನಿನ ಕೆಳಮಿತಿಗೆ ಮೂರು ಸಂಖ್ಯೆ ಕೊಡಬಹುದು, ಅವನ್ನು ಇಳಿಸಿದರೆ ದೀಪ ಆರುತ್ತೆ. ಕಮ್ಯಾಂಡ್ ಅರ್ಧ ಟೈಪ್ ಮಾಡಿ ಕಿಟಕಿ ಕಡೆ ನೋಡಿದೆ. ಇಷ್ಟು ಹೊಟ್ಟಿನ ಧೂಳು, ಇನ್ನೆರಡು ತಿಂಗಳಿಗೆ ಬಿಸಿಲು, ನಿಧಾನದ ಫ್ಯಾನು, ಮೇಲಿಂದ ಎಚ್ಚರಿಸುವ ದೀಪದ ಬಾಯಿಯನ್ನೂ ಮುಚ್ಚೋದು. ಟೈಪ್ ಮಾಡಿದ್ದನ್ನು ಅಳಿಸಿದೆ. ಮರುದಿನ ಕೂಗುವ ಹಳೇ ಫ್ಯಾನುಗಳನ್ನೇ ತಂದು ಹಾಕಿ, ರ‍್ಯಾಕನ್ನು ಗೋಡೆಯಾಚೆಯ ಸ್ಟೇಷನರಿ ಕೋಣೆಗೆ ತಳ್ಳಿ, ಬಾಗಿಲಿಗೆ ಗಾಳಿ ಆಡುವ ಜಾಲರಿ ಹಾಕಿಸಿದೆವು. ಜಾಲರಿಯ ದುಡ್ಡು ನಾನೇ ಕೊಟ್ಟೆ, ಸಾಹುಕಾರರಿಗೆ ಹೇಳುವ ಮುಖ ಇರಲಿಲ್ಲ.

ಕೆಂಪು ಆರಿತು. ರೈಟ್ರು ಒಂದು ಕಾಗದ ತಂದು, ಪ್ರತಿ ದೀಪ ಏನು ಅಂತ ಕನ್ನಡದಲ್ಲಿ ಬರೆದುಕೊಡಿ ಅಂದರು. ನಾನು ಹೇಳಿದೆ, ಅವರೇ ಬರೆದರು, ಲೆಡ್ಜರಿನ ದುಂಡು ಅಕ್ಷರದಲ್ಲಿ: ನೀಲಿ ಇದ್ದರೆ ಓಡುತ್ತಿದೆ. ಹಸಿರು ಹೇಗೆ ಬೇಕಾದರೂ ಮಿನುಗಲಿ. ಕೆಂಪು ಮಿಟುಕಿದರೆ ಫ್ಯಾನು, ನಿಂತು ಉರಿದರೆ ಬಿಸಿ, ಎರಡಕ್ಕೂ ಫೋನ್ ಮಾಡುವುದು.

"ಈ ಸಣ್ಣ ತೂತು ಎಂಥದ್ದು ಸಾರ್?"

"ಅದು ರೀಸೆಟ್ಟು ರೈಟ್ರೇ. ಈಗ ಕೆಲಸ ಮಾಡುತ್ತೆ. ಒತ್ತಿದರೆ ಹೇಳದೆ ಕೇಳದೆ ಮಷೀನು ಹೊಸದಾಗಿ ಶುರುವಾಗುತ್ತೆ, ಅರ್ಧ ಬರೆದ ಲೆಕ್ಕ ಹೋಗಬಹುದು."

ಅವರು ಏನೂ ಹೇಳಲಿಲ್ಲ. ಸ್ಯಾಂಪಲ್ ಪೊಟ್ಟಣಕ್ಕೆ ಅಂಟಿಸುವ ಕಂದು ಟೇಪು ಮೇಜಿನ ಮೇಲಿತ್ತು, ಹಲ್ಲಿನಲ್ಲಿ ಒಂದು ತುಂಡು ಕಚ್ಚಿ ಹರಿದು ಆ ತೂತಿನ ಮೇಲೆ ಒತ್ತಿ ಅಂಟಿಸಿದರು.